ಹದಿನೇಳನೆಯದು

ಒಂದು ಸಿಲಿಕೋನು, ಹಿಂಡಿದರೆ ಹಿಂಡಿಸಿಕೊಳ್ಳುತ್ತದೆ.
ಇನ್ನೊಂದು ಅಕ್ರಿಲಿಕ್, ಬಗ್ಗಿಸಿದರೆ ಚಟ್ಟನೆ ಸೀಳು.
ಎತ್ತು ಏರಿಗೆ, ಕೋಣ ನೀರಿಗೆ.
ಡಂಡೀ ಊರಲ್ಲಿ, ಟೇ ನದಿಗೆ ಬೆನ್ನು ಹಾಕಿದ ನೆಲಮಾಳಿಗೆಯಲ್ಲಿ
ಮೂರು ವಾರದಿಂದ ಇವೆರಡರ ನಡುವೆ
ಕೂದಲೆಳೆಯಷ್ಟು ಕಾಲುವೆ,
ಕಾಲುವೆಗೆ ಬಿಟ್ಟ ಕೆಂಪು ನೀರು
ಎಲ್ಲಿ ಹೋಗಬಾರದೋ ಅಲ್ಲಿಗೇ.

ಗೋಂದು ಹಚ್ಚೋಣ ಅಂದೆ.
ಮೊರಾಗ್ ನಕ್ಕಳು: ಗೋಂದು ಕಾಲುವೆಯನ್ನೇ ನುಂಗುತ್ತೆ.
ನಡುವೆ ಏನೂ ಬೇಡ. ಮೈ ಬದಲಾಗಲಿ, ಸಾಕು.

ಅಕ್ರಿಲಿಕ್ಕಿಗೆ ಸಿಲೇನಿನ ಸ್ನಾನ, ಅರ್ಧ ತಾಸು;
ನನ್ನ ಕೋಟಿನ ತೋಳಿಗೆ ನಿನ್ನೆಯ ಮೀನಿನ ವಾಸನೆ.
ಸಿಲಿಕೋನು ಪೆಟ್ಟಿಗೆಯೊಳಗೆ.
ಗಾಳಿ ಎಳೆದು ಗುಂಡಿ ಒತ್ತಿದರೆ
ನೇರಳೆಹಣ್ಣು ತಿಂದ ನಾಲಗೆಯ ಬಣ್ಣ.
ನಲವತ್ತು ಸೆಕೆಂಡು.
ಮುತ್ತಾಗಿ ಉರುಳುತ್ತಿದ್ದ ಹನಿ
ಈಗ ಅದರ ಅಂಚಿನಲ್ಲಿ ಚಪ್ಪಟೆ ಮಲಗಿತು.

ಬೇಗ, ಅಂದಳು. ಇದಕ್ಕೆ ನೆನಪು ಹತ್ತೇ ನಿಮಿಷ,
ಆಮೇಲೆ ಮತ್ತೆ ಹಳೇ ಬುದ್ಧಿ.

ಮೂಲೆ ಹಿಡಿದು, ಗುಳ್ಳೆ ಉಳಿಯದ ಹಾಗೆ,
ಮಲಗಿದ ಮಗುವಿಗೆ ಹೊದಿಸುವಂತೆ ಇಳಿಸಿದೆ.
ರಾತ್ರಿಯಿಡೀ ಅರವತ್ತು ಡಿಗ್ರಿ, ಮೇಲೊಂದು ಸೀಸದ ತೂಕ.

ಬೆಳಿಗ್ಗೆ ಕೆಂಪು ನೀರು ಹೇಳಿದ ದಾರಿಯಲ್ಲೇ ಹೋಯಿತು.
ಆಮೇಲೆ ಕಿತ್ತೆವು. ಕೀಳಲೇಬೇಕು, ಅದೇ ಪರೀಕ್ಷೆ.
ಸಿಲಿಕೋನೇ ಹರಿಯಿತು. ಬೆಸುಗೆ ಬಿಡಲಿಲ್ಲ.

ಒಂದು ಮೂಲೆ ಮಾತ್ರ ಸಲೀಸಾಗಿ ಎದ್ದು ಬಂತು.
ಸೂಕ್ಷ್ಮದರ್ಶಕದಡಿ ಸುರುಳಿ ಸುರುಳಿ ಗೆರೆ,
ನನ್ನ ಗ್ಲೌಸು ಯಾವಾಗ ಹರಿದಿತ್ತೋ.

ಮೊರಾಗ್ ದಾಖಲೆ ಪುಸ್ತಕ ನನ್ನತ್ತ ತಳ್ಳಿದಳು.
ಹದಿನೇಳು: ಹಿಡಿಯಿತು.
ಕೆಳಗೆ ರುಜು ಹಾಕಿದೆ.
ಹೆಬ್ಬೆಟ್ಟಂತೂ ಆಗಲೇ ಬಿದ್ದಿತ್ತು.