ಒಳಗಿನ ಬುದ್ಧಿ

ಮಲ್ಪೆ ಧಕ್ಕೆಯ ಮೂರನೇ ಸಾಲಿನ ಬೋಟು.
ಮಂಜುಗಡ್ಡೆ ತುಂಬಿ ಆಗಿದೆ, ಡೀಸೆಲೂ.
ಮೀನು ತೋರಿಸುವ ಪೆಟ್ಟಿಗೆ ಮಾತ್ರ
ಬೆಳಗಿನಿಂದ ಒಂದೇ ಮಾತು ಹಿಡಿದು ಕೂತಿದೆ:
ನಿಮ್ಮ ಪ್ರದೇಶದಲ್ಲಿ ಈ ಸೇವೆ ಲಭ್ಯವಿಲ್ಲ.

ಲೋಕು ತಿಂಗಳಾಯರು ನನ್ನ ಮುಖ ನೋಡುತ್ತಾರೆ.
ತಂತಿ ಬಿಚ್ಚಿದೆ, ಉಪ್ಪು ಒರೆಸಿದೆ, ಫ್ಯೂಸು ನೋಡಿದೆ.
ಎಲ್ಲ ಸರಿ ಉಂಟು. ಸರಿ ಇಲ್ಲದ್ದು
ಎರಡು ದೇಶಗಳ ನಡುವೆ.
ಒಬ್ಬ ಚಿಪ್ಪು ಕೊಡುವುದಿಲ್ಲ ಅಂದನಂತೆ
(ಮಳಿ, ಕಲ್ವದ ಚಿಪ್ಪಲ್ಲ, ಲೋಕಣ್ಣ)
ಇನ್ನೊಬ್ಬ ನಕ್ಷೆ ಕೊಡುವುದಿಲ್ಲ ಅಂದನಂತೆ,
ಪೆಟ್ಟಿಗೆ ಮಾಡಿದ ಕಂಪೆನಿಯನ್ನು
ಅದರ ವೈರಿಯೇ ಕೊಂಡುಕೊಂಡು
ಹಳೆ ಗಿರಾಕಿಗಳ ಬೀಗ ಬದಲಿಸಿತಂತೆ.

"ದುಡ್ಡು ಕೊಟ್ಟದ್ದು ನಾನಲ್ವಾ ಮಾರಾಯ?"
ಪೆಟ್ಟಿಗೆ ನಿಮ್ಮದು. ಒಳಗಿನ ಬುದ್ಧಿ ಬಾಡಿಗೆಯದ್ದು.
ಲೈಸೆನ್ಸು ಮುಗಿದಿದೆ, ಎಂದೆ.

ಅವರು ಚುಕ್ಕಾಣಿಯ ಹಿಂದಿನ ಹಲಗೆ ಸರಿಸಿ
ಪ್ಲಾಸ್ಟಿಕ್ ಹೊದಿಸಿದ ಕಾಗದ ತೆಗೆದರು.
ಮೀನುಗಾರಿಕೆ ಇಲಾಖೆಯ ಮೊಹರು, ಸಹಿ,
ಬರುವ ಮಾರ್ಚ್‌ವರೆಗೆ ಜೀವವಿರುವ ತಾರೀಕು.
"ಇಗೊ."
ನನಗೆ ನಗು ಬರಲಿಲ್ಲ.

ಪಕ್ಕದ ಬೋಟು ದಾಮು ಮೈಂದನ್‌ನದ್ದು,
ಪೆಟ್ಟಿಗೆ ಆ ಇನ್ನೊಂದು ದೇಶದ್ದು.
ನಡೆಯುತ್ತಿದೆ, ಇವತ್ತಿಗೆ.
ಹತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ,
ಎಂತದೋ ಬಲೆ ಹರಿದ ಲೆಕ್ಕ.

ಕತ್ತಲಾದ ಮೇಲೆ ಲೋಕಣ್ಣ ಹಗ್ಗ ಬಿಚ್ಚಿಸಿದರು.
ದಾಮುವಿನ ಹಿಂದೀಪ ಕಾಣುವಷ್ಟೇ ದೂರದಲ್ಲಿ
ಇಂಜಿನು ಸಣ್ಣ ಮಾಡಿ, ಅಳಿವೆ ದಾಟಿ.
ಪೆಟ್ಟಿಗೆ ಆರಿಸಲಿಲ್ಲ. ಅದರ ಆ ಒಂದು ಸಾಲು
ಗಾಜಿನೊಳಗೆ ನೀಲಿಯಾಗಿ ಅಲ್ಲಾಡುತ್ತ ಹೋಯಿತು.

ನನ್ನ ಇನ್ನೂರು ರೂಪಾಯಿ ಬಾಕಿ ಉಂಟು.