ಎರಡೂವರೆ ಪಾಯಿಂಟು

ಏಪ್ರಿಲ್ಲಿನ ಶಿವಮೊಗ್ಗ. ಹೊಸಮನೆಯ ಮೂರನೇ ತಿರುವಿನಲ್ಲಿ
ನಮ್ಮ ಫ್ಯಾನು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ.
ಅತ್ತೆ ಮಂಚ ಹತ್ತಿ
ಮಡಿಚಿದ ಕೊಡೆಯ ತುದಿಯಿಂದ ರೆಕ್ಕೆಗೊಂದು ತಿವಿತ ಕೊಟ್ಟರೆ
ಆಗ ಹೊರಡುತ್ತದೆ,
ಬೈಸಿಕೊಂಡ ಮೇಲೆ ಏಳುವ ಹುಡುಗನ ಹಾಗೆ.

ರಾತ್ರಿಗೆ ನಾಲ್ಕು ಸಲ ಕರೆಂಟು ಹೋಗಿ ಬರುತ್ತದೆ.
ನಾಲ್ಕು ಸಲ ತುಳಸಾಬಾಯಿ, ನಾಲ್ಕು ಸಲ ಕೊಡೆ.

"ನಾಳೆ ಬರ್ತೀನಕ್ಕ" ಅಂದ ನಸೀರ್‌ಗೆ ಹದಿನೇಳು ದಿನವಾಯಿತು.
ಕೊನೆಗೆ ಫೋನಿನಲ್ಲೇ ಅಂದ:
"ಕೆಪಾಸಿಟರ್ ಹೋಗಿರತ್ತೆ, ಅಷ್ಟೇ."
ಅಷ್ಟೇ ಅನ್ನುವ ಮಾತು
ಗೊತ್ತಿದ್ದವರ ಬಾಯಲ್ಲಿ ಎಷ್ಟು ಸಣ್ಣದು.

ಎರಡನೇ ಶನಿವಾರ. ಮೇನು ಆರಿಸಿ, ಫ್ಯೂಸು ಕಿತ್ತು
ಸೆರಗಿನ ತುದಿಗೆ ಗಂಟು ಹಾಕಿಕೊಂಡೆ,
ಮನೆಯಲ್ಲಿ ಯಾರನ್ನೂ ನಂಬದೆ.
ಮಂಚದ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ನಾನು,
ಸ್ಟೂಲು ಹಿಡಿದ ಅತ್ತೆಯ ಬಾಯಲ್ಲಿ ವಿಠ್ಠಲ.
ಬಟ್ಟಲು ಸರಿಸಿದರೆ ಒಳಗೆ
ಒಣಗಿದ ಹಲ್ಲಿಮೊಟ್ಟೆ ಎರಡು,
ಹೊಟ್ಟೆ ಉಬ್ಬಿದ ಬಿಳಿ ಡಬ್ಬಿ ಒಂದು.

ಗಾಂಧಿ ಬಜಾರಿನ ಅಂಗಡಿಯವನು ಕೇಳಿದ,
"ಎರಡೂವರೆ ಪಾಯಿಂಟಾ, ಮೂರಾ?"
ನಕ್ಷತ್ರ ಪಾದ ಕೇಳಿದ ಹಾಗಿತ್ತು.
ಕರ್ಚೀಫು ಬಿಚ್ಚಿ
ಸತ್ತದ್ದನ್ನೇ ಅವನ ಮುಂದಿಟ್ಟೆ.

ಮೂರು ತಂತಿ: ಕೆಂಪು, ಕಪ್ಪು, ನೀಲಿ.
ಯಾವುದು ಯಾವುದಕ್ಕಿತ್ತು?
ಬಿಚ್ಚುವಾಗ ನೆನಪಿಟ್ಟುಕೊಳ್ಳಬೇಕಿತ್ತು.
ಬಿಚ್ಚುವ ಭರದಲ್ಲಿ ಯಾರು ತಾನೇ ಇಟ್ಟುಕೊಳ್ಳುತ್ತಾರೆ.

ಸ್ವಿಚ್ಚು ಒತ್ತಿದೆ. ತಿರುಗಿತು!
ತಿವಿತವಿಲ್ಲದೆ, ತಾನಾಗಿ,
ಹಿಂದಕ್ಕೆ.
ಗಾಳಿಯೆಲ್ಲ ಮೇಲುಮೇಲಕ್ಕೆ.
ಸೂರಿನ ಜೇಡನಿಗೆ ಸುಖವೋ ಸುಖ,
ಕೆಳಗೆ ಬೆವರು ಒರೆಸುತ್ತ ನಾವಿಬ್ಬರು.
ಮೊದಲು ನಕ್ಕಿದ್ದು ಅತ್ತೆ.
ಈ ಮನೆಗೆ ಬಂದು ಒಂಬತ್ತು ವರ್ಷ,
ಅವರ ದವಡೆಹಲ್ಲು ನಾನು ಕಂಡಿರಲಿಲ್ಲ.

ಮತ್ತೆ ಫ್ಯೂಸು, ಮತ್ತೆ ಗಂಟು, ಮತ್ತೆ ವಿಠ್ಠಲ.
ನೀಲಿಯ ಜಾಗಕ್ಕೆ ಕೆಂಪು.

ರಾತ್ರಿ ಕರೆಂಟು ಹೋಯಿತು. ಬಂತು.
ಕತ್ತಲಲ್ಲಿ ಅಭ್ಯಾಸದ ಕಾಲು, ಮಂಚದ ಕಿರ್ರು,
ಎತ್ತಿದ ಕೊಡೆ.
ರೆಕ್ಕೆಗಳು ಆಗಲೇ ಹೊರಟಿದ್ದವು.

ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು ಗಾಳಿಯಲ್ಲಿ,
ಬಿಳಿ ಜಡೆಯ ತುದಿ ಅಲ್ಲಾಡುತ್ತಿತ್ತು.
ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.
ಆಮೇಲೆ ಇಳಿದು, ಕೊಡೆಯನ್ನು
ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದರು.
ಮಳೆಗಿನ್ನೂ ಎರಡು ತಿಂಗಳು.