ಈ ತಿಂಗಳ ಕಾಲುಗಳು

ಆರು ಜನ ನಾವು. ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರು.
ಆರೂ ಜನ ತಿಂಗಳು ತಿಂಗಳು ನಡೆದರೆ
ಜೋಳದ ಹೊಲ ಕಾಯುವವರು ಯಾರು, ಆಡು ಕಟ್ಟುವವರು ಯಾರು?
ಅದಕ್ಕೇ ಈ ಲೆಕ್ಕ:
ತಿಂಗಳಿಗೊಬ್ಬರ ಕಾಲು, ಆರು ಜನರ ಮಾತ್ರೆ.
ಹೋದವರು ತಮ್ಮ ರಕ್ತ ಕೊಟ್ಟು, ತೂಕ ನೋಡಿಸಿಕೊಂಡು
ಉಳಿದವರ ಸುದ್ದಿಯನ್ನೂ ಒಪ್ಪಿಸಿ ಬರಬೇಕು:
ಎರ್ನೆಸ್ತಿನಾಳ ಕೆಮ್ಮು, ಬೊನಿಫಾಸಿಯೊನ ಪಾದದ ಉರಿ,
ನಿದ್ದೆ ಬಾರದ ನನ್ನ ರಾತ್ರಿಗಳು.
ಕಾರ್ಡಿನ ಮೇಲೆ ಕಾಯಿಲೆಯ ಹೆಸರಿಲ್ಲ, ನಂಬರಿದೆ.
ಊರಿಗೆ ಹೆಸರೂ ಗೊತ್ತು.

ತೇತೆಯ ಈ ಸೀಮೆಯಲ್ಲಿ ಬಿಸಿಲಿಗೆ ಮುಲಾಜಿಲ್ಲ.
ಫೆಲಿಜಾರ್ದಾಳ ಅಂಗಳದ ಬಾವೊಬಾಬಿಗೆ ಎಲೆ ಇರುವುದೇ ನಾಲ್ಕು ತಿಂಗಳು,
ಮಿಕ್ಕಂತೆ ಅದರ ಬೊಡ್ಡೆಯ ನೆರಳೇ ನಮ್ಮ ಸಭೆ.
ನೆರಳು ಸರಿದರೆ ಚಾಪೆಯೂ ಸರಿಯುತ್ತದೆ.

ಮೊದಲ ಕೆಲಸ ಎಣಿಕೆ.
ಡಬ್ಬಿಯನ್ನು ಮೊರಕ್ಕೆ ಬೋರಲು ಹಾಕಿ
ಕಲ್ಲು ಆರಿಸುವ ಹಾಗೆ ಬೆರಳ ತುದಿಯಲ್ಲಿ ಒಂದೊಂದೇ ಸರಿಸುವುದು.
ನಾಲ್ಕನೇ ಕ್ಲಾಸು ಓದಿದವಳು ನಾನೊಬ್ಬಳೇ, ಬರೆಯುವವಳೂ ನಾನೇ.
ಮಾತ್ರೆಗೆ ಸುಳ್ಳು ಹೇಳಲು ಬಾರದು.
ನನ್ನದು ಎರಡು ಉಳಿದಿದ್ದವು, ಲುಕ್ರೇಸಿಯಾಳದು ಎರಡು,
ಎಲ್ಲರದೂ ಎರಡೆರಡು.
ಕೆಂಬೊನ ಡಬ್ಬಿಯಿಂದ ಬಿದ್ದದ್ದು ಹದಿಮೂರು.

ಹತ್ತೊಂಬತ್ತರ ಹುಡುಗ.
ಕಾಯಿಲೆ ತಾಯಿಯ ಕಡೆಯಿಂದ ಬಂದದ್ದು, ಮೂಗಿನ ಹಾಗೆ, ನಗುವಿನ ಹಾಗೆ.
ಅವಳು ಹೋದ ವರ್ಷ ಅವಳ ಜಾಗಕ್ಕೆ ಬಂದವನು
ಇನ್ನೂ ಚಾಪೆಯ ಅಂಚಿಗೇ ಕೂರುತ್ತಾನೆ.
ತಲೆ ತಗ್ಗಿಸಿ ಹೇಳಿದ:
ಮೊಯಾತೀಜಿನ ಗಣಿಯಲ್ಲಿ ಹನ್ನೊಂದು ರಾತ್ರಿ ಕೂಲಿ,
ಒಂದೇ ಕೋಣೆಯಲ್ಲಿ ಎಂಟು ಜನ,
ಡಬ್ಬಿ ಮುಟ್ಟಿದರೆ ಗಿಲಕಿಯ ಹಾಗೆ ಸದ್ದು.

ಬೊನಿಫಾಸಿಯೊ ಬಾಯಿ ತೆರೆದ.
ಫೆಲಿಜಾರ್ದಾ ಅವನತ್ತ ನೋಡಿದಳು. ಮುಚ್ಚಿದ.
"ಈ ತಿಂಗಳು ಯಾರ ಸರದಿ?"
ನನ್ನದು, ಎಂದೆ.
"ಇವಳ ಮಂಡಿ ಊದಿದೆ," ಎಂದಳು ಮುದುಕಿ. ಊದಿರಲಿಲ್ಲ.
"ಕೆಂಬೊ, ನೀನು ಹೋಗಿ ಬಾ."

ನಸುಕಿಗೇ ಹೊರಟ, ಆರು ಕಾರ್ಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು.
ಆ ಸಂಜೆ ಮೇಲ್ಸೀಮೆಯಲ್ಲಿ ಮಳೆ ಹೊಡೆದು
ರೆವುಬುವೆ ಹೊಳೆ ಕೆಂಪಾಯಿತು, ದಂಡೆ ಮೀರಿತು.
ಎರಡು ಮಾತ್ರೆ ಎಂದರೆ ಎರಡೇ ರಾತ್ರಿ.
"ನಾನು ಆವತ್ತೇ ಹೇಳುವವನಿದ್ದೆ," ಎಂದ ಬೊನಿಫಾಸಿಯೊ.
ನಾನೂ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ, ಸುಳ್ಳಾಡುವುದಿಲ್ಲ.

ಮೂರನೆಯ ಸಂಜೆ ಫೆಲಿಜಾರ್ದಾ ಒಳಗಿನಿಂದ ಮೊರ ತಂದಳು.
ಹದಿಮೂರರಲ್ಲಿ ಮೂರು ಗಂಟು ಕಟ್ಟಿಕೊಂಡು
ಹತ್ತನ್ನು ಅವಳ ಮನೆಯಲ್ಲೇ ಬಿಟ್ಟು ಹೋಗಿದ್ದನಂತೆ.
ಐದು ಜನಕ್ಕೆ ಹತ್ತು. ಒಂದೇ ಬಗೆಯ ಮಾತ್ರೆ, ಒಂದೇ ಬಿಳುಪು.
ಅವನು ನುಂಗದೆ ಉಳಿಸಿದ ರಾತ್ರಿಗಳನ್ನು
ನಾವು ಎರಡು ರಾತ್ರಿ ನುಂಗಿದೆವು.
ಬೊನಿಫಾಸಿಯೊ ಮಾತ್ರ ನೀರು ಕೇಳಲಿಲ್ಲ,
ಒಣಗಂಟಲಲ್ಲೇ ಇಳಿಸಿದ.

ಮರುದಿನ ಹೊತ್ತೇರಿದ ಮೇಲೆ ಬಂದ.
ಎದೆಯವರೆಗೆ ಕೆಸರು, ತಲೆಯ ಮೇಲಿನ ಚೀಲ ಒಣಗಿತ್ತು.
ಕುಡಿಯಲು ನೀರು ಕೇಳಿ, ಅರ್ಧ ಕುಡಿದು, ಸುದ್ದಿ ಒಪ್ಪಿಸಿದ:
ಎರ್ನೆಸ್ತಿನಾಳ ಕಫ ಡಬ್ಬಿಯಲ್ಲಿ ಕಳಿಸಬೇಕು,
ಪಾದದ ಉರಿಗೆ ಬೇರೆ ಗುಳಿಗೆ, ಇಗೋ,
ಅಕ್ಕಾ, ನೀನು ರಾತ್ರಿಯದನ್ನು ಬೆಳಿಗ್ಗೆ ನುಂಗಿ ನೋಡಬೇಕಂತೆ.
"ನಿನ್ನದು?"
"ರಕ್ತ ಕೊಟ್ಟೆ. ಏನೆಂದು ಮುಂದಿನ ತಿಂಗಳು ಹೇಳುತ್ತಾರೆ."

ಮುಂದಿನ ತಿಂಗಳು ಮೊರದ ಮೇಲೆ
ನಮ್ಮವು ಎರಡೆರಡು, ಕೆಂಬೊನವು ನಾಲ್ಕು.
ನಾಲ್ಕು, ಎಂದು ಬರೆದುಕೊಂಡೆ.
ಅವನ ಡಬ್ಬಿಯಿಂದ ಮಾತ್ರೆಗಳ ಜೊತೆ ಒಂದು ಬಟ್ಟೆಯ ಚೂರೂ ಬಿತ್ತು,
ಹಳದಿ ಹೂವಿನ ಕಪುಲಾನಾ. ಅವನಮ್ಮ ಸೊಂಟಕ್ಕೆ ಸುತ್ತುತ್ತಿದ್ದದ್ದು.
ಎಣಿಸಿ ಮುಗಿಸಿ ಮತ್ತೆ ಒಳಗೆ ತುರುಕಿದ,
ಮುಚ್ಚಳ ಹಾಕಿ ಕಿವಿಯ ಹತ್ತಿರ ಅಲುಗಿಸಿ ನೋಡಿದ.
ಸದ್ದಿರಲಿಲ್ಲ.